ಗೋಧಿಯೂ ವಂಶವೂ: ಸೀಲಿಯಾಕ್ ರೋಗದ ವಿಚಾರ

ಧಾನ್ಯಗಳಲ್ಲಿ ಗೋಧಿಯು ಪುಷ್ಟಿಕರವಾದುದೆಂಬುದು ಸರ್ವರಿಗೂ ತಿಳಿದ ವಿಷಯವಷ್ಟೆ. ಆದರೆ ಕೆಲವರ ಶರೀರಕ್ಕೆ ಈ ಧಾನ್ಯವೇ ಅಪಥ್ಯವಾಗಿ ಪರಿಣಮಿಸುವುದುಂಟು. ಇದರಿಂದುಂಟಾಗುವ ಒಂದು ವ್ಯಾಧಿಗೆ ಸೀಲಿಯಾಕ್ ರೋಗವೆಂದು ಹೆಸರು. ಇದು ಉತ್ತರ ದೇಶದವರ ರೋಗವೆಂದೂ, ರಾಗಿ, ಜೋಳ, ಅಕ್ಕಿಗಳನ್ನು ಉಂಡು ಬೆಳೆದ ದಕ್ಷಿಣದ ವಂಶಗಳಿಗೆ ತಗಲದೆಂದೂ ಕೆಲವರು ಭಾವಿಸಬಹುದು. ಈ ಭಾವನೆಯಲ್ಲಿ ಸತ್ಯವೆಷ್ಟೆಂಬುದನ್ನು ವಿಚಾರಿಸುವುದು ಅವಶ್ಯಕ. ಏಕೆಂದರೆ ಇದನ್ನೇ ನಂಬಿ ಕುಳಿತಲ್ಲಿ, ರೋಗವುಳ್ಳ ಮಗುವಿಗೆ ಸಕಾಲದಲ್ಲಿ ಪರೀಕ್ಷೆಯೇ ನಡೆಯದೆ ಹೋಗುವುದು.

ರೋಗದ ಸ್ವರೂಪ

ಗೋಧಿಹಿಟ್ಟನ್ನು ನೀರು ಹಾಕಿ ನಾದಿದಾಗ ಜಿಗುಟನ್ನು ಕೊಡುವ ಪದಾರ್ಥವೇ ಗ್ಲುಟೆನ್. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿಯೂ ಇದೇ ಜಾತಿಯ ಪದಾರ್ಥವಿರುವುದು. ರೋಗವುಳ್ಳವರು ಇದನ್ನು ಸೇವಿಸಿದಲ್ಲಿ ಶರೀರದ ರಕ್ಷಣಾಶಕ್ತಿಯು ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುವುದು. ಕರುಳಿನ ಒಳಮೈಯಲ್ಲಿ ಆಹಾರಸಾರವನ್ನು ಹೀರುವ ಸೂಕ್ಷ್ಮವಾದ ಕುಚ್ಚುಗಳು ಸವೆದು ಚಪ್ಪಟೆಯಾಗುವುವು. ಬೇರು ಕೆಟ್ಟ ಪೈರಿಗೆ ಎಷ್ಟು ಗೊಬ್ಬರ ಹಾಕಿದರೂ ಫಲವಿಲ್ಲದಿರುವಂತೆ, ಈ ರೋಗಿಗೆ ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ. ಬಿಡದ ಭೇದಿ, ಹೊಟ್ಟೆಯುಬ್ಬರ, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು, ಕಬ್ಬಿಣದ ಗುಳಿಗೆಗೂ ಬಗ್ಗದ ರಕ್ತಹೀನತೆ, ಇವು ಸಾಮಾನ್ಯ ಲಕ್ಷಣಗಳು. ಕೆಲವರಲ್ಲಿ ಭೇದಿಯೇ ಇಲ್ಲದೆ ರಕ್ತಹೀನತೆ ಮಾತ್ರ ತೋರುವುದುಂಟು.

1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯಲ್ ಗೀ ಈ ರೋಗವನ್ನು ಚೆನ್ನಾಗಿ ವರ್ಣಿಸಿದರೂ ಕಾರಣವು ಬಹುಕಾಲ ತಿಳಿಯಲಿಲ್ಲ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆಗೆ ಗೋಧಿಯ ಮೇಲೆ ಮೊದಲೇ ಸಂಶಯವಿದ್ದಿತು. 1944-45ರ ಚಳಿಗಾಲದ ಕ್ಷಾಮದಲ್ಲಿ ಆ ದೇಶದಲ್ಲಿ ರೊಟ್ಟಿಯು ದುರ್ಲಭವಾದಾಗ ಈ ಮಕ್ಕಳು ಚೇತರಿಸಿಕೊಂಡು, ರೊಟ್ಟಿ ಪುನಃ ದೊರೆತ ಮೇಲೆ ಹಾಸಿಗೆ ಹಿಡಿದುದು ಆ ಸಂಶಯವನ್ನು ದೃಢಪಡಿಸಿತು. ಆತನ ಪ್ರಬಂಧವು 1950ರಲ್ಲಿ ಪ್ರಕಟವಾಯಿತು.

ವಂಶದ ಪಾತ್ರ

ಈ ರೋಗಕ್ಕೆ ಈಡಾಗುವವರಲ್ಲಿ ಬಹುಮಟ್ಟಿಗೆ ಎಲ್ಲರೂ ತಂದೆತಾಯಿಗಳಿಂದ ಡಿ.ಕ್ಯೂ. 2 ಅಥವಾ ಡಿ.ಕ್ಯೂ. 8 ಎಂಬ ವಂಶಗುಣವನ್ನು ಪಡೆದವರೇ. ರೋಗಿಯ ಒಡಹುಟ್ಟಿದವರಲ್ಲಿಯೂ ಮಕ್ಕಳಲ್ಲಿಯೂ ಇತರರಿಗಿಂತ ರೋಗವು ಹೆಚ್ಚಾಗಿ ಕಾಣಬರುವುದಕ್ಕೆ ಇದೇ ಕಾರಣ. ಜಪಾನೀಯರಲ್ಲಿ ಡಿ.ಕ್ಯೂ. 2 ವಿರಳ, ರೋಗವೂ ಅಲ್ಲಿ ವಿರಳ. ಪಶ್ಚಿಮ ಸಹಾರದ ಸಹರಾವಿ ಜನರಲ್ಲಿಯಾದರೋ, 1999ರಲ್ಲಿ ಪ್ರಕಟವಾದ ಪರೀಕ್ಷೆಯಂತೆ, ನೂರು ಮಕ್ಕಳಲ್ಲಿ ಐದಕ್ಕಿಂತ ಹೆಚ್ಚು ಮಂದಿಗೆ ರೋಗವಿದ್ದಿತು. ಪ್ರಪಂಚದ ಸರಾಸರಿಯು ನೂರಕ್ಕೆ ಒಂದರಷ್ಟು ಮಾತ್ರ.

ಆದರೂ ವಂಶವೊಂದೇ ರೋಗವನ್ನುಂಟುಮಾಡಲಾರದು. ಬೀಜವಿದ್ದ ಮಾತ್ರಕ್ಕೆ ಬೆಳೆಯಾಗುವುದಿಲ್ಲವಷ್ಟೆ. ಈ ಗುಣವುಳ್ಳವರಲ್ಲಿ ಬಹುಪಾಲು ಜನರು ಜೀವಮಾನವೆಲ್ಲ ಗೋಧಿಯುಂಡು ಆರೋಗ್ಯದಿಂದಿರುವರು.

ಇದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವುಂಟು. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತಗಳ 23,000ಕ್ಕೂ ಹೆಚ್ಚು ವಯಸ್ಕರ ರಕ್ತವನ್ನು ಪರೀಕ್ಷಿಸಲಾಯಿತು. ರೋಗಸೂಚಕವಾದ ಅಂಶವು ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಮಂದಿಯಲ್ಲಿ ಕಂಡುಬಂದಿತು. ಆದರೆ ಮೇಲೆ ಹೇಳಿದ ವಂಶಗುಣವು ಉತ್ತರದಲ್ಲಿ ನೂರಕ್ಕೆ 38.1, ಈಶಾನ್ಯದಲ್ಲಿ 31.4, ದಕ್ಷಿಣದಲ್ಲಿ 36.4 ಮಂದಿಯಲ್ಲಿದ್ದಿತು. ಎಂದರೆ ದಕ್ಷಿಣದವರ ವಂಶವು ಉತ್ತರದವರದಕ್ಕಿಂತ ಈ ವಿಷಯದಲ್ಲಿ ಹೆಚ್ಚು ಭಿನ್ನವಲ್ಲ. ಭೇದವಿದ್ದುದು ಊಟದಲ್ಲಿ. ದಿನವೊಂದಕ್ಕೆ ಗೋಧಿಯ ಬಳಕೆಯು ಉತ್ತರದಲ್ಲಿ 455 ಗ್ರಾಂ, ಈಶಾನ್ಯದಲ್ಲಿ 37 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಅಲ್ಪ ಗೋಧಿಯುಣ್ಣುವ ಈಶಾನ್ಯದಲ್ಲಿಯೂ ರೋಗವು ಸಾಕಷ್ಟಿರುವುದರಿಂದ, ಧಾನ್ಯದ ಪ್ರಮಾಣವೊಂದರಿಂದಲೇ ಎಲ್ಲವೂ ನಿರ್ಣಯವಾಗುವುದೆಂದು ಹೇಳಲಾಗದು. ಆದರೂ ಚಪಾತಿ, ಬ್ರೆಡ್ಡು, ಬಿಸ್ಕತ್ತುಗಳು ಹಳ್ಳಿಯ ಮನೆಗಳನ್ನು ಹೊಕ್ಕಿರುವ ಈ ಕಾಲದಲ್ಲಿ, ದಕ್ಷಿಣದವರು ವಂಶವನ್ನು ನಂಬಿ ನಿಶ್ಚಿಂತರಾಗಿರಲು ಆಧಾರವಿಲ್ಲ.

ಗಮನಿಸತಕ್ಕ ಅಂಶಗಳು

1. ಸಂಶಯ ಬಂದೊಡನೆ ಗೋಧಿಯನ್ನು ಬಿಡಿಸಬಾರದು. ಬಿಡಿಸಿದ ಮೇಲೆ ರಕ್ತಪರೀಕ್ಷೆಯಲ್ಲಿಯೂ ಕರುಳಿನ ಪರೀಕ್ಷೆಯಲ್ಲಿಯೂ ರೋಗವು ಮರೆಯಾಗಬಹುದು. ಮೊದಲು ವೈದ್ಯರಲ್ಲಿ ಪರೀಕ್ಷೆ, ಅನಂತರ ಪಥ್ಯ.

2. ರೋಗವು ನಿಶ್ಚಯವಾದಲ್ಲಿ ಗೋಧಿ, ಮೈದಾ, ರವೆ, ಶಾವಿಗೆ, ಬಾರ್ಲಿಗಳನ್ನು ಜೀವಮಾನಪರ್ಯಂತ ವರ್ಜಿಸತಕ್ಕದ್ದು. ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಗಳ ಜವೆ ಗೋಧಿಯೂ ಗೋಧಿಯೇ. ಅದು ಹಳೆಯ ತಳಿಯೆಂದು ರೋಗಿಗೆ ಕೊಡಲಾಗದು. ಅಂಗಡಿಯ ಇಂಗಿನಲ್ಲಿಯೂ ಗೋಧಿಹಿಟ್ಟು ಬೆರೆತಿರುವುದುಂಟು.

3. ರಾಗಿ, ಜೋಳ, ಸಜ್ಜೆ, ನವಣೆ, ಅಕ್ಕಿ, ಮೆಕ್ಕೆಜೋಳ ಹಾಗೂ ಬೇಳೆಕಾಳುಗಳಲ್ಲಿ ಈ ದೋಷವಿಲ್ಲ. ಆದುದರಿಂದ ರೋಗಿಯ ಪಥ್ಯವು ನಮ್ಮ ಹೊಲಗಳಲ್ಲಿಯೇ ಬೆಳೆಯುವುದು. ದುಬಾರಿ ಪದಾರ್ಥಗಳ ಅಗತ್ಯವಿಲ್ಲ.

4. ಗೋಧಿ ಬೀಸಿದ ಗಿರಣಿಯಲ್ಲಿಯೇ ರಾಗಿಯನ್ನು ಬೀಸಿದರೆ ಹಿಟ್ಟು ಬೆರೆಯುವುದು. ರೋಗಿಯ ಧಾನ್ಯವನ್ನು ಮನೆಯ ಬೀಸುವ ಕಲ್ಲಿನಲ್ಲಿ ಅಥವಾ ಗೋಧಿ ಬೀಸದ ಗಿರಣಿಯಲ್ಲಿ ಬೀಸಿಸಿ, ಜರಡಿ, ಮೊರ, ಡಬ್ಬಗಳನ್ನು ಪ್ರತ್ಯೇಕವಾಗಿಡುವುದು ಲೇಸು.

5. ಆರೋಗ್ಯವಂತರು ಗೋಧಿಯನ್ನು ಬಿಡಬೇಕಾದುದಿಲ್ಲ. ಬೆಳೆಗಾರರು ಅದರ ಬಿತ್ತನೆಯನ್ನೂ ನಿಲ್ಲಿಸಬೇಕಾದುದಿಲ್ಲ.

ಅಂಗನವಾಡಿಯ ತೂಕದಲ್ಲಿ ತಿಂಗಳುಗಟ್ಟಲೆ ಏರಿಕೆ ತೋರದ ಮಗುವಿದ್ದಲ್ಲಿ, ಗ್ರಾಮದ ಮುಖಂಡರೂ ಹಿಡುವಳಿದಾರರೂ ಅದನ್ನು ತಾಯಿಯ ಅಲಕ್ಷ್ಯವೆಂದಾಗಲಿ ಹಣೆಬರಹವೆಂದಾಗಲಿ ಎಣಿಸದೆ, ಜಿಲ್ಲಾ ಆಸ್ಪತ್ರೆಗೆ ಕಳುಹಿಸಿಕೊಡಲು ಏರ್ಪಾಡು ಮಾಡತಕ್ಕದ್ದು. ರೋಗವು ಇದೇ ಎಂದು ತಿಳಿದುಬಂದಲ್ಲಿ, ಚಿಕಿತ್ಸೆಯು ರಾಗಿಯ ಮುದ್ದೆಯಲ್ಲಿಯೂ ಜೋಳದ ರೊಟ್ಟಿಯಲ್ಲಿಯೂ ಇರುವುದು.