ಕಬ್ಬಿಣವನ್ನು ಕೊಯ್ಯುವ ಕಲ್ಲು

ಕೂಡ್ಲಿಗಿಯಿಂದ ಕೊಟ್ಟೂರಿಗೆ, ಕೊಟ್ಟೂರಿನಿಂದ ಹರಪನಹಳ್ಳಿಗೆ, ಅತ್ತ ಹಗರಿಬೊಮ್ಮನಹಳ್ಳಿಯ ಮಾರ್ಗವಾಗಿ ಹೂವಿನ ಹಡಗಲಿಗೆ ಸಂಚರಿಸುವವನು ಪ್ರತಿಯೊಂದು ಊರಿನ ಮುಂಭಾಗದಲ್ಲಿಯೂ, ಪೆಟ್ರೋಲ್ ಬಂಕು ಮತ್ತು ಗೊಬ್ಬರದ ಅಂಗಡಿಗಳ ಸಾಲಿನಲ್ಲಿಯೇ, ತಗಡು ಹೊದಿಸಿದ ಒಂದೆರಡು ವೆಲ್ಡಿಂಗ್ ಅಂಗಡಿಗಳನ್ನು ಕಾಣದೆ ಇರಲಾರನು. ಟ್ರ್ಯಾಕ್ಟರಿಗೆ ಟ್ರೇಲರು, ಬಿತ್ತನೆಗೆ ಕೂರಿಗೆ, ಮಳಿಗೆಗೆ ಶಟರು, ಹೊಸ ಮನೆಗೆ ಗೇಟು ಮತ್ತು ಕಿಟಕಿಯ ಗ್ರಿಲ್ಲು. ಮೆಕ್ಕೆಜೋಳ, ಶೇಂಗಾ, ಈರುಳ್ಳಿಗಳನ್ನು ನೆಚ್ಚಿ ಬಾಳುವ ಈ ಸೀಮೆಯ ಸಂಸಾರಕ್ಕೆ ಬೇಕಾದ ಕಬ್ಬಿಣದ ಉಪಕರಣಗಳಲ್ಲಿ ಬಹುಭಾಗವು ಇಂತಹ ತಗಡಿನ ನೆರಳಿನಲ್ಲಿಯೇ ರೂಪ ತಳೆಯುತ್ತದೆ. ಆ ರೂಪಕ್ಕೆ ಮೊದಲ ಸಂಸ್ಕಾರವನ್ನು ಕೊಡುವುದು ಕಟಿಂಗ್ ಮಷೀನು ಎಂದೂ ಚಾಪ್ ಸಾ ಎಂದೂ ಕರೆಯಲ್ಪಡುವ, ಕೈಹಿಡಿಯನ್ನು ಕೆಳಕ್ಕೆ ಒತ್ತಿದೊಡನೆ ಕಿಡಿಗಳ ಧಾರೆಯನ್ನು ಕಾರುತ್ತ ಕಬ್ಬಿಣವನ್ನು ಸೀಳುವ ಯಂತ್ರ.

ಹೊಸದಾಗಿ ಅಂಗಡಿ ತೆರೆಯಬಯಸುವ ಯುವಕನು ಹೊಸಪೇಟೆಗೋ ದಾವಣಗೆರೆಗೋ ಹೋಗಿ ಈ ಯಂತ್ರವನ್ನು ಕೊಳ್ಳುವಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಮೋಟರು ಎಷ್ಟು ವ್ಯಾಟಿನದು, ಯಾವ ಕಂಪನಿಯದು. ಇವು ನಿರರ್ಥಕವಾದ ಪ್ರಶ್ನೆಗಳಲ್ಲವಾದರೂ ವಿಷಯದ ಹೃದಯವನ್ನು ಮುಟ್ಟುವಂಥವಲ್ಲ. ಮೋಟರು ಕೇವಲ ತಿರುಗಿಸುತ್ತದೆ. ಕೊಯ್ಯುವುದು ತೆಳ್ಳನೆಯ ಚಕ್ರದಲ್ಲಿ ಅಂಟಿನಿಂದ ಬಂಧಿತವಾದ ಕಲ್ಲಿನ ಕಣ. ಆ ಕಣ ಎಲ್ಲಿಂದ ಬಂತು, ಅದನ್ನು ಹಿಡಿದಿಟ್ಟ ಅಂಟು ಹೇಗೆ ಹುಟ್ಟಿತು ಎಂಬುದನ್ನು ಬಲ್ಲವನಿಗೆ ಯಂತ್ರವನ್ನು ಆರಿಸುವ ಬುದ್ಧಿ ತಾನಾಗಿಯೇ ಒದಗುವುದೆಂದು ನನ್ನ ನಂಬಿಕೆಯಾದುದರಿಂದ, ಆ ಚರಿತ್ರೆಯನ್ನೇ ಇಲ್ಲಿ ಮೊದಲು ಹೇಳುತ್ತೇನೆ.

ಈ ಸೀಮೆಗೆ ಕಬ್ಬಿಣ ಹೊಸದಲ್ಲ. ಸಂಡೂರಿನ ಬೆಟ್ಟಗಳ ಅದಿರನ್ನು ಇದ್ದಿಲಿನೊಡನೆ ಮಣ್ಣಿನ ಕುಲುಮೆಗಳಲ್ಲಿ ಕಾಸಿ ಕಬ್ಬಿಣವನ್ನು ಇಳಿಸುವ ವಿದ್ಯೆ ಬಳ್ಳಾರಿ ಪ್ರಾಂತದಲ್ಲಿ ಬಹುಕಾಲ ಬಾಳಿತ್ತು. ಹಂಪಿಯ ನೆರೆಯ ಕಮಲಾಪುರದಲ್ಲಿ ಕಬ್ಬಿನ ಹಾಲನ್ನು ಕಾಯಿಸುವ ದೊಡ್ಡ ಕೊಪ್ಪರಿಗೆಗಳು ತಯಾರಾಗುತ್ತಿದ್ದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಳಲ್ಲಿ ಬಂದಿಳಿದ ಅಗ್ಗದ ಸೀಮೆ ಕಬ್ಬಿಣವು ಆ ಕುಲುಮೆಗಳನ್ನು ನಂದಿಸಿತು. 1905ರಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರಿಗೆ ರೈಲು ಹರಿದ ಮೇಲಂತೂ ಹೊರಗಿನ ಸಾಮಗ್ರಿ ಊರ ಬಾಗಿಲಿಗೇ ಬರುವಂತಾಯಿತು. ಅದಿರನ್ನು ಕರಗಿಸುವ ಕೆಲಸ ಹೋಯಿತಾದರೂ ಕಮ್ಮಾರನ ಸಾಲೆ ಉಳಿಯಿತು. ಅಲ್ಲಿ ಕಬ್ಬಿಣವನ್ನು ತುಂಡರಿಸುವ ಕ್ರಮ ಒಂದೇ: ತಿದಿಯೊತ್ತಿ ಕೆಂಪಗೆ ಕಾಸಿ, ಅಡಿಗಲ್ಲಿನ ಮೇಲಿರಿಸಿ, ಚಾಣವನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುವುದು. ತಣ್ಣಗಿರುವ ಕಬ್ಬಿಣವನ್ನು ಕೊಯ್ಯಲು ಹ್ಯಾಕ್ಸಾ ಬ್ಲೇಡು ಬಂದುದು ಅನಂತರ; ದಪ್ಪನಾದ ಒಂದು ಆ್ಯಂಗಲನ್ನು ಅದರಿಂದ ತುಂಡರಿಸುವುದೆಂದರೆ ಭುಜದ ಕಸುವೆಲ್ಲ ವ್ಯಯವಾಗುವ ಕೆಲಸ.

ಕಲ್ಲು ಮತ್ತು ಕಬ್ಬಿಣಗಳ ಸಂಬಂಧವೂ ಇಲ್ಲಿ ಪುರಾತನವಾದುದು. 1896ರಲ್ಲಿ ಪ್ರಕಟವಾದ ಅಲೆಕ್ಸಾಂಡರ್ ರೀ ಅವರ ಚಾಲುಕ್ಯ ವಾಸ್ತುವಿನ ಗ್ರಂಥವು ಮುಖ್ಯವಾಗಿ ಈ ತಾಲೂಕುಗಳ ದೇವಾಲಯಗಳನ್ನೇ ಆಶ್ರಯಿಸಿದೆ. ಬಾಗಳಿ, ಕುರುವತ್ತಿ, ಅಂಬಳಿ, ಮಾಗಳಗಳಿಗೆ ಹೋದವರು ಕಲ್ಯಾಣದ ಚಾಲುಕ್ಯರ ಕಾಲದ ಬಳಪದ ಕಲ್ಲಿನ ಕಂಬಗಳನ್ನು ಮುಟ್ಟಿ ನೋಡಬೇಕು. ತಿರುಗಣಿಗೆ ಏರಿಸಿ ಉಕ್ಕಿನ ಉಳಿಯಿಂದ ಕಡೆದು, ಉಜ್ಜಿ ಉಜ್ಜಿ ನುಣುಪಿಸಿದ ಅವುಗಳ ವರ್ತುಲಗಳಲ್ಲಿ ಬೆರಳು ಎಲ್ಲಿಯೂ ತಡೆಯುವುದಿಲ್ಲ. ಅಲ್ಲಿ ಕಬ್ಬಿಣವು ಕಲ್ಲನ್ನು ಕಡೆಯಿತು. ಇದರ ವಿಪರ್ಯಯವನ್ನೂ, ಅಂದರೆ ಕಲ್ಲಿನಿಂದ ಕಬ್ಬಿಣವನ್ನು ಸವೆಸುವುದನ್ನೂ, ನಮ್ಮವರು ಬಲ್ಲವರಾಗಿದ್ದರು. ವಜ್ರವೊಂದನ್ನು ಬಿಟ್ಟರೆ ಖನಿಜಗಳಲ್ಲೆಲ್ಲ ಅತಿ ಕಠಿಣವೆನಿಸಿದ ಕುರುಂದದ ಕಲ್ಲು ಹಳೆಯ ಮೈಸೂರು ಸಂಸ್ಥಾನದ ಹಲವೆಡೆಗಳಲ್ಲಿ ದೊರೆಯುತ್ತಿತ್ತು. ಅದನ್ನು ಕುಟ್ಟಿ ಪುಡಿಮಾಡಿ, ಕರಗಿದ ಅರಗಿನೊಡನೆ ಬೆರೆಸಿ ಗಾಲಿಯಾಗಿ ಒತ್ತಿದರೆ ಸಾಣೆ ಸಿದ್ಧವಾಗುವುದು. ಕತ್ತಿಗೆ ಅಲಗು ಕೂಡಿಸಿದುದೂ ರತ್ನಕ್ಕೆ ಮುಖ ಬಿಡಿಸಿದುದೂ ಈ ಸಾಣೆಯೇ. ಕಣ ಮತ್ತು ಅಂಟು ಎಂಬ ಎರಡು ತತ್ತ್ವಗಳು ಇಲ್ಲಿಯೇ ಪೂರ್ಣವಾಗಿ ಇದ್ದುವು, ಇಲ್ಲದಿದ್ದುದು ವೇಗ. ಕೈಯಿಂದ ಹಗ್ಗವೆಳೆದು ತಿರುಗಿಸುವ ಗಾಲಿಗೆ ಉಕ್ಕಿನ ಕಂಬಿಯನ್ನು ತುಂಡರಿಸುವಷ್ಟು ಜವವಿಲ್ಲ; ಇದ್ದಿದ್ದರೂ ಅರಗು ಆ ಘರ್ಷಣೆಯ ಕಾವಿಗೆ ಮೆತ್ತಗಾಗಿ ಕಣಗಳನ್ನು ಬಿಟ್ಟುಕೊಡುತ್ತಿತ್ತು.

ಅಂತಹ ವೇಗಕ್ಕೆ ಒಪ್ಪುವ ಚಕ್ರಕ್ಕೆ ಮೊದಲು ಕಣವನ್ನು ಒದಗಿಸಿದುದು ವಿದ್ಯುತ್ತಿನ ಕುಲುಮೆ. 1891ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಮೊನಾಂಗಹೀಲಾ ಎಂಬ ಊರಿನಲ್ಲಿ, ಹಿಂದೆ ಎಡಿಸನ್ನನ ಬಳಿ ಕೆಲಸ ಮಾಡಿದ್ದ ಎಡ್ವರ್ಡ್ ಗುಡ್ರಿಚ್ ಅಚೆಸನ್ ಎಂಬಾತನು ಕೃತಕ ವಜ್ರದ ಆಸೆಯಿಂದ ಜೇಡಿಮಣ್ಣನ್ನೂ ಕೋಕ್ ಇದ್ದಿಲಿನ ಪುಡಿಯನ್ನೂ ಕಬ್ಬಿಣದ ಬೋಗುಣಿಯೊಂದರಲ್ಲಿ ತುಂಬಿ, ನಡುವೆ ಇಂಗಾಲದ ಕಡ್ಡಿಯನ್ನು ನಿಲ್ಲಿಸಿ ಬಲವಾದ ವಿದ್ಯುತ್ತನ್ನು ಹಾಯಿಸಿದನು. ತಣಿದ ಮೇಲೆ ಕಡ್ಡಿಯ ತುದಿಯಲ್ಲಿ ಕೆಲವು ಹೊಳೆವ ಹರಳುಗಳು ಕಂಡುವು. ಅವು ಗಾಜನ್ನು ಗೀರಿದುವು. ವಜ್ರವಲ್ಲದ ಆ ವಸ್ತು ಸಿಲಿಕಾನ್ ಕಾರ್ಬೈಡ್. ನಾಲ್ಕು ವರ್ಷಗಳಲ್ಲಿಯೇ ಅದರ ಕಾರ್ಖಾನೆ ನಯಾಗರಾ ಜಲಪಾತದ ವಿದ್ಯುತ್ತನ್ನರಸಿ ಅಲ್ಲಿಗೆ ಹೋಯಿತು. ಆದರೆ ಕಲ್ಲಿಗೂ ಎರಕದ ಕಬ್ಬಿಣಕ್ಕೂ ಒಪ್ಪುವ ಈ ಹರಳು ಉಕ್ಕಿನ ವಿಷಯದಲ್ಲಿ ಸೋಲುತ್ತದೆ. ಸುಡುವ ಕಾವಿನಲ್ಲಿ ಕಬ್ಬಿಣವು ಇಂಗಾಲವನ್ನು ತನ್ನೊಳಕ್ಕೆ ಎಳೆದುಕೊಳ್ಳುವುದರಿಂದ ಹರಳಿನ ಅಂಚು ಬೇಗನೆ ಮೊಂಡಾಗುವುದು. ಉಕ್ಕಿಗೆ ಬೇಕಾದುದು ಕುರುಂದವೇ. 1897ರಲ್ಲಿ ಚಾರ್ಲ್ಸ್ ಜೇಕಬ್ಸ್ ಎಂಬ ರಸಾಯನಜ್ಞನು ಬಾಕ್ಸೈಟ್ ಅದಿರನ್ನು ವಿದ್ಯುತ್ತಿನ ಕುಲುಮೆಯಲ್ಲಿ 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದ ಕಾವಿನಲ್ಲಿ ಕರಗಿಸಿ ಅದನ್ನು ಕೃತಕವಾಗಿ ಪಡೆದನು. ಕಣದ ಸಮಸ್ಯೆ ಅಲ್ಲಿಗೆ ಮುಗಿಯಿತು.

ಅಂಟಿನ ಸಮಸ್ಯೆ ಇನ್ನೂ ಉಳಿದಿತ್ತು. ಪಿಂಗಾಣಿಯಂತೆ ಸುಟ್ಟ ಮಣ್ಣಿನಿಂದ ಬಂಧಿಸಿದ ಚಕ್ರಗಳು ಕಾವನ್ನು ತಡೆಯುವುವಾದರೂ ತೆಳುವಾಗಿ ಮಾಡಿದರೆ ಬಾಗಲಾರದೆ ಒಡೆಯುವುವು. ಅರಗಿನ ಮತ್ತು ರಬ್ಬರಿನ ತೆಳು ಚಕ್ರಗಳು ಬಾಗುವುವು, ಆದರೆ ಕಾವಿಗೆ ಅಂಜುವುವು. 1907ರಲ್ಲಿ ಬೆಲ್ಜಿಯಂ ಮೂಲದ ಲಿಯೋ ಬೇಕೆಲಂಡನು ಫಿನಾಲು ಮತ್ತು ಫಾರ್ಮಾಲ್ಡಿಹೈಡುಗಳಿಂದ, ಒಮ್ಮೆ ಕಾವಿನಲ್ಲಿ ಗಟ್ಟಿಗೊಂಡರೆ ಮತ್ತೆ ಕರಗದ ರಾಳವೊಂದನ್ನು ಸೃಷ್ಟಿಸಿದನು. ಹಳೆಯ ವಿದ್ಯುತ್ ಸ್ವಿಚ್ಚುಗಳಲ್ಲಿ ನಾವು ಕಂಡಿರುವ ಬೇಕಲೈಟು ಅದೇ. ಆ ರಾಳ ಕುರುಂದದ ಕಣಗಳನ್ನು ಹಿಡಿದಾಗ, ಮುಂದೆ ಅದರ ಹೊಟ್ಟೆಯಲ್ಲಿ ಗಾಜಿನ ನೂಲಿನ ಜಾಲರಿಯೂ ಸೇರಿದಾಗ, ಮೂರು ಮಿಲಿಮೀಟರಿಗಿಂತ ದಪ್ಪವಿಲ್ಲದ ಚಕ್ರವು ಸೆಕೆಂಡಿಗೆ 80 ಮೀಟರಿನ ಅಂಚಿನ ವೇಗವನ್ನು ತಾಳಬಲ್ಲುದಾಯಿತು. ಭಾರತದಲ್ಲಿ ಸಾಣೆ ಚಕ್ರಗಳ ತಯಾರಿಕೆ 1941ರಲ್ಲಿ ಮುಂಬಯಿ ಸಮೀಪದ ಮೋರಾದ ಗ್ರೈಂಡ್‌ವೆಲ್ ಕಾರ್ಖಾನೆಯಿಂದಲೂ, 1954ರಲ್ಲಿ ಮದರಾಸಿನ ಕಾರ್ಬೊರಂಡಮ್ ಯೂನಿವರ್ಸಲ್ ಸಂಸ್ಥೆಯಿಂದಲೂ ಬೇರೂರಿತು. ಚಕ್ರದಂತೆಯೇ ಉಕ್ಕೂ ಹತ್ತಿರವಾಯಿತು: 1971ರಲ್ಲಿ ಶಂಕುಸ್ಥಾಪನೆಯನ್ನು ಕಂಡ ತೋರಣಗಲ್ಲಿನ ಉಕ್ಕಿನ ಕನಸು ತೊಂಬತ್ತರ ದಶಕದಲ್ಲಿ ಖಾಸಗಿಯವರ ಕೈಯಲ್ಲಿ ಕಾರ್ಖಾನೆಯಾದ ಮೇಲೆ, ಸಂಡೂರಿನ ಸೀಮೆಯ ಅದಿರು ಮತ್ತೆ ಇಲ್ಲಿಯೇ ಉಕ್ಕಾಗತೊಡಗಿತು.

ಈಗ ಯಂತ್ರದ ಮುಂದೆ ನಿಲ್ಲೋಣ. 14 ಇಂಚಿನ, ಎಂದರೆ 355 ಮಿಲಿಮೀಟರಿನ ಚಕ್ರವು ನಿಮಿಷಕ್ಕೆ ಸುಮಾರು 3800 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ 250 ಕಿಲೋಮೀಟರಿನ ವೇಗದಲ್ಲಿರುತ್ತದೆ. ಅಂಚಿನ ಪ್ರತಿಯೊಂದು ಕಣವೂ ಕಬ್ಬಿಣದಿಂದ ಸೂಕ್ಷ್ಮವಾದ ಎಳೆಯೊಂದನ್ನು ಹೆರೆದೆಸೆಯುತ್ತದೆ. ಆ ಎಳೆ ಗಾಳಿಯಲ್ಲಿ ಹೊತ್ತಿ ಉರಿಯುವುದೇ ಕಿಡಿ. ಹೆರೆಯುತ್ತ ಮೊಂಡಾದ ಕಣವನ್ನು ರಾಳವು ತಾನೇ ಕಳಚಿ ಬಿಟ್ಟು ಒಳಗಿನ ಹರಿತವಾದ ಕಣಕ್ಕೆ ದಾರಿ ಕೊಡುತ್ತದೆ. ಚಕ್ರವು ಸವೆದು ಚಿಕ್ಕದಾಗುವುದು ಆದುದರಿಂದ ದೋಷವಲ್ಲ, ಅದರ ಧರ್ಮ. ಸವೆಯದ ಚಕ್ರ ಒಳ್ಳೆಯದೆಂದು ಭಾವಿಸಿ ಅತಿ ಗಡುಸಾದುದನ್ನು ಕೊಂಡವನು, ಮೊಂಡ ಕಣಗಳು ಕಬ್ಬಿಣವನ್ನು ಕೊಯ್ಯದೆ ಸುಟ್ಟು ನೀಲಿಗಟ್ಟಿಸುವುದನ್ನು ನೋಡಬೇಕಾಗುತ್ತದೆ.

ಚಕ್ರದ ಮೇಲಿನ ಬರಹವನ್ನು ಓದುವುದೇ ಆಯ್ಕೆಯ ಮೊದಲ ಹೆಜ್ಜೆ. ‘ಎ’ ಎಂದು ಆರಂಭವಾದರೆ ಕೃತಕ ಕುರುಂದ, ಉಕ್ಕಿಗೆ ಯೋಗ್ಯ. ‘ಸಿ’ ಎಂದಿದ್ದರೆ ಕಲ್ಲಿನ ಕೆಲಸದ ಸಿಲಿಕಾನ್ ಕಾರ್ಬೈಡ್. ಮುಂದಿನ 24 ಅಥವಾ 30 ಎಂಬುದು ಕಣದ ಗಾತ್ರ, ಸಂಖ್ಯೆ ಏರಿದಷ್ಟೂ ಕಣ ಸಣ್ಣದು. ಅನಂತರದ ಅಕ್ಷರ ಗಡುಸುತನವನ್ನೂ, ಕೊನೆಯ ‘ಬಿಎಫ್’ ರಾಳವೂ ಗಾಜಿನ ಜಾಲರಿಯೂ ಇರುವುದನ್ನೂ ಸೂಚಿಸುತ್ತವೆ. ನಿಮಿಷಕ್ಕೆ ಇಷ್ಟು ಸುತ್ತು ಎಂದು ಚಕ್ರದ ಮೇಲೆ ಮುದ್ರಿಸಿದ ಮಿತಿಯು ಯಂತ್ರದ ವೇಗಕ್ಕಿಂತ ಹೆಚ್ಚಾಗಿರತಕ್ಕದ್ದು. ನಡುವಿನ ಲೋಹದ ಉಂಗುರದಲ್ಲಿ ಕೊನೆಯ ಬಳಕೆಯ ದಿನಾಂಕವಿರುತ್ತದೆ, ಸಾಮಾನ್ಯವಾಗಿ ತಯಾರಾದ ಮೂರು ವರ್ಷಗಳಿಗೆ. ರಾಳವು ತೇವವನ್ನು ಹೀರಿ ದುರ್ಬಲವಾಗುವ ಕಾರಣ, ಸೋರುವ ತಗಡಿನ ಕೆಳಗೆ ಒಂದು ಮಳೆಗಾಲವನ್ನು ಕಳೆದ ಚಕ್ರವನ್ನು ನಂಬಬಾರದು.

ಇನ್ನು ಮೋಟರು. ಕಟ್ಟಡದಿಂದ ಕಟ್ಟಡಕ್ಕೆ ಹೊತ್ತೊಯ್ಯುವವನಿಗೆ ಕಾರ್ಬನ್ ಬ್ರಷ್ಷಿನ, 2000ದಿಂದ 2400 ವ್ಯಾಟಿನ ಹಗುರವಾದ ಯಂತ್ರವೇ ಸಾಧು. ಒಂದೇ ಸ್ಥಳದಲ್ಲಿ ಹಗಲೆಲ್ಲ ಟ್ರೇಲರಿನ ಚಾನಲ್ಲುಗಳನ್ನು ಕೊಯ್ಯುವ ಅಂಗಡಿಗೆ, ಬೆಲ್ಟಿನಿಂದ ಚಕ್ರವನ್ನು ತಿರುಗಿಸುವ ಇಂಡಕ್ಷನ್ ಮೋಟರಿನ ಭಾರವಾದ ಯಂತ್ರವನ್ನು ನಾನು ನಿಸ್ಸಂದೇಹವಾಗಿ ಮೇಲೆಂದು ಹೇಳುತ್ತೇನೆ. ಅದು ಎಡೆಬಿಡದ ದುಡಿಮೆಗೆ ಬೇಗ ಬಸವಳಿಯುವುದಿಲ್ಲ, ಸದ್ದೂ ಕಡಿಮೆ. ಹಗುರ ಯಂತ್ರವೂ 10 ಆಂಪಿಯರಿನಷ್ಟು ಪ್ರವಾಹವನ್ನು ಬೇಡುವುದರಿಂದ ತೆಳ್ಳಗಿನ ಉದ್ದನೆಯ ವೈರಿನ ತುದಿಯಲ್ಲಿ ಅದು ಬಳಲುತ್ತದೆ. ವೋಲ್ಟೇಜು ಕುಸಿದೊಡನೆ ಚಕ್ರದ ವೇಗ ತಗ್ಗುವುದು, ಕೆಲಸಗಾರನು ಕೈಹಿಡಿಯನ್ನು ಇನ್ನಷ್ಟು ಒತ್ತುವನು, ಚಕ್ರವೂ ಮೋಟರೂ ಕೂಡಿಯೇ ಕೆಡುವುವು.

ಹಲ್ಲಿನ ಕೋಲ್ಡ್ ಕಟ್ ಯಂತ್ರಗಳೂ ಈಗ ಪೇಟೆಗೆ ಬಂದಿವೆ. ನಿಮಿಷಕ್ಕೆ 1300 ಸುತ್ತಿನ ಸುಮಾರಿನಲ್ಲಿ ನಿಧಾನವಾಗಿ ತಿರುಗಿ, ಕಿಡಿಯನ್ನು ಹೆಚ್ಚು ಹಾರಿಸದೆ, ಅಂಚಿನಲ್ಲಿ ಮುಳ್ಳುಳಿಸದೆ ಕೊಯ್ಯುವ ಅವುಗಳ ಕೆಲಸ ನಿಜವಾಗಿಯೂ ಸುಂದರ. ಹೊಸ ಸ್ಕ್ವೇರ್ ಪೈಪುಗಳಲ್ಲಿಯೇ ಗೇಟು ಮಾಡುವವರು ಅವನ್ನು ಕೊಳ್ಳಲಿ. ಆದರೆ ನಮ್ಮ ಹಳ್ಳಿಯ ಕಮ್ಮಾರನು ಕುಂಟೆಯ ಕುಡವನ್ನು ಮಾಡುವುದು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ. ಹದವೇರಿದ ಆ ಉಕ್ಕಿನ ಮೇಲೆ ದುಬಾರಿಯ ಬ್ಲೇಡಿನ ಹಲ್ಲು ಮುರಿಯುವುದು. ತುಕ್ಕು, ಬಣ್ಣ, ಗಡುಸು ಯಾವುದನ್ನೂ ಎಣಿಸದೆ ಕೊಯ್ಯುವ ಸಾಣೆ ಚಕ್ರವೇ ಅವನಿಗೆ ತಕ್ಕುದು.

ಯಂತ್ರದ ದೇಹದಲ್ಲಿ ಅತ್ಯಂತ ಅಲಕ್ಷಿತವಾದ ಅಂಗ ವೈಸು. ಅಂಗಡಿಯಲ್ಲಿಯೇ ಒಂದು ತುಂಡು ಆ್ಯಂಗಲನ್ನು ಅದರಲ್ಲಿ ಬಿಗಿದು ಅಲುಗಾಡಿಸಿ ನೋಡಬೇಕು. ಕೊಯ್ಯುವ ನಡುವೆ ಕಬ್ಬಿಣ ಕದಲಿದರೆ ಚಕ್ರವು ಸಿಕ್ಕಿಬಿದ್ದು ಸಿಡಿಯುವುದು. ಈ ಯಂತ್ರದ ಭೀಕರವಾದ ಅಪಾಯಗಳಲ್ಲಿ ಇದು ಮುಖ್ಯವಾದುದು. ಆ್ಯಂಗಲನ್ನು ಎರಡು ಕಾಲುಗಳೂ ಕೆಳಗಾಗುವಂತೆ ಕವುಚಿ ಇಟ್ಟರೆ ಚಕ್ರಕ್ಕೆ ಒಮ್ಮೆಲೆ ಹೆಚ್ಚು ಲೋಹ ಸಿಕ್ಕದೆ ಕೊಯ್ತ ಸುಗಮವಾಗುವುದು. ದೊಡ್ಡ ಚಕ್ರವನ್ನು ತೊಡಿಸುವ ಆಸೆಗೆ ರಕ್ಷಣೆಯ ತಗಡನ್ನು ಬಿಚ್ಚಿಡುವ ಅಭ್ಯಾಸವನ್ನು ಅಂಗಡಿಯ ಯಜಮಾನರು ಇಂದೇ ನಿಲ್ಲಿಸಬೇಕು. ತೆರೆದ ಚಕ್ರದ ನೇರಕ್ಕೆ ಕುಳಿತು ಕೆಲಸ ಮಾಡುತ್ತಿರುವವನು ಬಹುಶಃ ಇನ್ನೂ ಇಪ್ಪತ್ತು ದಾಟದ ಹುಡುಗ. ಕಿಡಿಗಳು ಹಾರುವ ದಿಕ್ಕಿನಲ್ಲಿ ಸೊಪ್ಪೆಯ ಬಣವೆಯಾಗಲಿ ಡೀಸೆಲ್ ಡಬ್ಬಿಯಾಗಲಿ ಇರಕೂಡದು. ಚಕ್ರವೂ ಕಬ್ಬಿಣವೂ ಕೂಡಿ ಸವೆದ ಧೂಳು ನೇರವಾಗಿ ಹೋಗುವುದು ಆ ಹುಡುಗನ ಶ್ವಾಸಕೋಶಕ್ಕೆ. ಆದುದರಿಂದ ಯಂತ್ರಕ್ಕೆಂದು ಹಣವನ್ನು ಎಣಿಸಿಡುವಾಗ ಕಣ್ಣಿನ ಕನ್ನಡಕ, ಧೂಳನ್ನು ತಡೆಯುವ ಮಾಸ್ಕು, ಕಿವಿಯ ರಕ್ಷೆ ಮತ್ತು ದಪ್ಪ ತಾಮ್ರದ ವೈರಿನ 15 ಆಂಪಿಯರ್ ಸಾಕೆಟ್ಟು, ಇವುಗಳ ಬೆಲೆಯನ್ನೂ ಯಂತ್ರದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕತಕ್ಕದ್ದು. ಅಷ್ಟಕ್ಕೆ ಹಣ ಸಾಲದೆ ಹೋದರೆ ಮೋಟರಿನಲ್ಲಿ ಒಂದು ಮೆಟ್ಟಿಲು ಕೆಳಗಿನದನ್ನು ಕೊಂಡು ಇವುಗಳನ್ನು ತರುವುದು ಲೇಸು.