ಬಾಂಡ್ ಯಾರವನು, ನಾಗವಲ್ಲಿ ಯಾರವಳು?

2025ರ ಫೆಬ್ರುವರಿ 20ರಂದು ಹೊರಬಿದ್ದ ಪ್ರಕಟಣೆಯೊಂದು ಸಿನಿಮಾ ಜಗತ್ತನ್ನು ಬೆಚ್ಚಿಬೀಳಿಸಿತು. ಮುಂದಿನ ಜೇಮ್ಸ್ ಬಾಂಡ್ ಯಾರಾಗಬೇಕು, ಕಥೆ ಏನಿರಬೇಕು, ಚಿತ್ರ ಯಾವಾಗ ತೆರೆಗೆ ಬರಬೇಕು ಎಂಬುದನ್ನು ಇನ್ನು ಮುಂದೆ ಬಾಂಡ್ ಚಿತ್ರಗಳನ್ನು ತಯಾರಿಸುತ್ತ ಬಂದ ಬ್ರಾಕಲಿ ಕುಟುಂಬ ತೀರ್ಮಾನಿಸುವುದಿಲ್ಲ. ಅಮೆಜಾನ್ ಎಂಜಿಎಂ ಸ್ಟುಡಿಯೋ ತೀರ್ಮಾನಿಸುತ್ತದೆ. ಆ ಕುಟುಂಬದ ಬಾರ್ಬರಾ ಬ್ರಾಕಲಿ ಮತ್ತು ಮೈಕೆಲ್ ವಿಲ್ಸನ್ ಪಾಲುದಾರರಾಗಿ ಉಳಿದರು. ಆದರೆ ಕೊನೆಯ ಮಾತು ಅವರ ಕೈ ತಪ್ಪಿತು.

ಇಲ್ಲೊಂದು ಗಮನಿಸುವ ಸಂಗತಿ ಇದೆ. ಅಮೆಜಾನ್ ಎಂಜಿಎಂ ಕಂಪನಿಯನ್ನು 845 ಕೋಟಿ ಡಾಲರಿಗೆ ಕೊಂಡು ವ್ಯವಹಾರ ಮುಗಿಸಿದ್ದು 2022ರ ಮಾರ್ಚ್‌ನಲ್ಲಿ. ಅಷ್ಟು ಹಣ ಸುರಿದರೂ ಮುಂದಿನ ಸುಮಾರು ಮೂರು ವರ್ಷ ಅದಕ್ಕೆ ಒಂದೇ ಒಂದು ಬಾಂಡ್ ಚಿತ್ರ ಮಾಡಲಾಗಲಿಲ್ಲ. ಸ್ಟುಡಿಯೋ ಕೊಂಡರೆ ಅದರ ಹಳೆಯ ಚಿತ್ರಗಳು, ಪಾಲು, ಕಟ್ಟಡ, ಕಡತ ಎಲ್ಲವೂ ಸಿಗುತ್ತವೆ. ಮುಂದಿನ ಕಥೆಯನ್ನು ಯಾರು ಹೇಳಬೇಕೆಂಬ ಅಧಿಕಾರ ಬೇರೆ ಕರಾರಿನಲ್ಲಿದ್ದರೆ ಅದು ಮಾತ್ರ ಸಿಗುವುದಿಲ್ಲ.

ಈ ಕರಾರಿನ ಬೇರು 1961ರಲ್ಲಿದೆ. ಆಲ್ಬರ್ಟ್ ಬ್ರಾಕಲಿ ಮತ್ತು ಹ್ಯಾರಿ ಸಾಲ್ಟ್‌ಜ್‌ಮನ್ ಆಗ ಇಯಾನ್ ಪ್ರೊಡಕ್ಷನ್ಸ್ ಕಟ್ಟಿದರು. ಚಿತ್ರ ತಯಾರಿಸುವುದು ಇಯಾನ್, ಹಕ್ಕುಗಳನ್ನು ಇಟ್ಟುಕೊಳ್ಳುವುದು ಡ್ಯಾಂಜಾಕ್ ಎಂಬ ಇನ್ನೊಂದು ಕಂಪನಿ. ಹಣ ಹಾಕಿ ಹಂಚಿಕೆ ಮಾಡಿದ್ದು ಯುನೈಟೆಡ್ ಆರ್ಟಿಸ್ಟ್ಸ್. ಮೊದಲ ಚಿತ್ರ ‘ಡಾ. ನೋ’ 1962ರಲ್ಲಿ ಬಂತು. ಬೇರೆ ವ್ಯಾಪಾರಗಳಲ್ಲಿ ಸಾಲ ಮಾಡಿಕೊಂಡ ಸಾಲ್ಟ್‌ಜ್‌ಮನ್ 1975ರಲ್ಲಿ ತಮ್ಮ ಅರ್ಧ ಪಾಲನ್ನು ಯುನೈಟೆಡ್ ಆರ್ಟಿಸ್ಟ್ಸ್‌ಗೆ ಮಾರಿದರು. 1981ರಲ್ಲಿ ಆ ಕಂಪನಿಯೇ ಎಂಜಿಎಂ ಪಾಲಾಯಿತು. 1990ರಲ್ಲಿ ಇಟಲಿಯ ಜಾನ್‌ಕಾರ್ಲೊ ಪಾರೆಟ್ಟಿ ಎಂಜಿಎಂ ಕೊಂಡರು. ಬಾಂಡ್ ಚಿತ್ರಗಳ ಟಿವಿ ಹಕ್ಕನ್ನು ಅಗ್ಗಕ್ಕೆ ಮಾರಿ ಖರೀದಿಯ ಹಣ ಹೊಂದಿಸಲು ಹೊರಟಿದ್ದಾರೆಂದು ಡ್ಯಾಂಜಾಕ್ ಕೋರ್ಟಿಗೆ ಹೋಯಿತು. 1989ರ ‘ಲೈಸೆನ್ಸ್ ಟು ಕಿಲ್’ ನಂತರ 1995ರ ‘ಗೋಲ್ಡನ್ ಐ’ವರೆಗೆ ಆರು ವರ್ಷ ಬಾಂಡ್ ತೆರೆಯ ಮೇಲೆ ಕಾಣಿಸಲೇ ಇಲ್ಲ. ಕಾದು ಕಾದು ನಟ ಟಿಮೊತಿ ಡಾಲ್ಟನ್ ಪಾತ್ರ ಬಿಟ್ಟುಕೊಟ್ಟರು. 2010ರಲ್ಲಿ ಎಂಜಿಎಂ ದಿವಾಳಿಯಾದಾಗಲೂ ಚಿತ್ರ ನಿಂತಿತು. ‘ಸ್ಕೈಫಾಲ್’ ಬಂದದ್ದು 2012ರಲ್ಲಿ.

ಮಾಲೀಕರು ಹೀಗೆ ಮತ್ತೆ ಮತ್ತೆ ಬದಲಾದರು. ಕೆಲವು ಸಲ ಚಿತ್ರಗಳು ತಡವಾದವು. ಆದರೆ ಬಾಂಡ್‌ನ ಸ್ವಭಾವ ಕದಡಲಿಲ್ಲ, ಏಕೆಂದರೆ ‘ಬೇಡ’ ಎನ್ನುವ ಅಧಿಕಾರ ಒಂದೇ ಮನೆಯವರ ಬಳಿ ಇತ್ತು. 2025ರಲ್ಲಿ ಕೈಬದಲಾದದ್ದು ಆ ಅಧಿಕಾರ. ಅದರ ಬೆನ್ನಿಗೇ ಕೆಲಸ ಚುರುಕಾಯಿತು: ಮಾರ್ಚ್‌ನಲ್ಲಿ ಏಮಿ ಪಾಸ್ಕಲ್, ಡೇವಿಡ್ ಹೇಮನ್ ನಿರ್ಮಾಪಕರಾದರು, ಜೂನ್‌ನಲ್ಲಿ ‘ಡ್ಯೂನ್’ ಖ್ಯಾತಿಯ ಡೆನಿ ವಿಲ್ನವ್ ನಿರ್ದೇಶಕರೆಂದು ಘೋಷಣೆಯಾಯಿತು.

ಚುರುಕಿನಿಂದ ಏನಾಗುತ್ತದೆ ಎಂಬುದಕ್ಕೆ ‘ಸ್ಟಾರ್ ವಾರ್ಸ್’ ಸಾಕ್ಷಿ. ಜಾರ್ಜ್ ಲೂಕಾಸ್ ತಮ್ಮ ಕಂಪನಿಯನ್ನು 2012ರ ಅಕ್ಟೋಬರಿನಲ್ಲಿ ಸುಮಾರು 405 ಕೋಟಿ ಡಾಲರಿಗೆ ಡಿಸ್ನಿಗೆ ಕೊಟ್ಟರು. ಮುಂದಿನ ಮೂರು ಚಿತ್ರಗಳಿಗೆಂದು ತಾವು ಬರೆದಿದ್ದ ಕಥೆಯ ರೂಪರೇಖೆಯನ್ನೂ ಜೊತೆಗೆ ಕೊಟ್ಟರು. ಅದನ್ನು ಬಳಸಲೇಬೇಕೆಂಬ ಷರತ್ತು ಮಾತ್ರ ಇರಲಿಲ್ಲ. ಡಿಸ್ನಿ ಬೇರೆ ಕಥೆ ಹಿಡಿಯಿತು. ಇದರಿಂದ ಲೂಕಾಸ್‌ಗೆ ಮೋಸಹೋದಂತೆ ಅನಿಸಿತೆಂದು ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ತಮ್ಮ 2019ರ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಲೂಕಾಸ್ ಕಾಲದಲ್ಲಿ 1977ರಿಂದ 2005ರವರೆಗೆ, 28 ವರ್ಷಗಳಲ್ಲಿ, ಮುಖ್ಯ ಸರಣಿಯ ಆರು ಚಿತ್ರ ಬಂದಿದ್ದವು. ಡಿಸ್ನಿ 2015ರಿಂದ 2019ರೊಳಗೆ ಐದು ಚಿತ್ರ ತಂದಿತು. ನಾಲ್ಕನೆಯ ‘ಸೋಲೋ’ ನಿರೀಕ್ಷಿಸಿದಷ್ಟು ಓಡದಿದ್ದಾಗ, ಅವಸರ ಹೆಚ್ಚಾಯಿತೆಂದು ಐಗರ್ ಅವರೇ ಹೇಳಬೇಕಾಯಿತು.

ನಮ್ಮ 999

ಬಾಂಡ್ ಗುಂಗು ಕನ್ನಡಕ್ಕೆ ಹತ್ತಲು ಬಹಳ ಕಾಲ ಬೇಕಾಗಲಿಲ್ಲ. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’. ನಾಲ್ಕರಲ್ಲೂ ಗೂಢಚಾರ ಪ್ರಕಾಶ್ ಆಗಿ ಡಾ. ರಾಜ್‌ಕುಮಾರ್, ನಾಲ್ಕನ್ನೂ ನಿರ್ದೇಶಿಸಿದವರು ದೊರೆ–ಭಗವಾನ್ ಜೋಡಿ. ಪೌರಾಣಿಕ, ಐತಿಹಾಸಿಕ ಪಾತ್ರಗಳ ರಾಜ್ ಇಲ್ಲಿ ಸೂಟು ತೊಟ್ಟು ಪಿಸ್ತೂಲು ಹಿಡಿದರು. ಮುಂದೆ ಹಿಂದಿಯಲ್ಲಿ ಹೆಸರಾದ ರೇಖಾ ನಾಯಕಿಯಾಗಿ ಮೊದಲು ಕಾಣಿಸಿಕೊಂಡದ್ದು ‘ಜಾಕ್‌ಪಾಟ್’ನಲ್ಲಿ.

ಈ ಸರಣಿಗೆ ಡ್ಯಾಂಜಾಕ್‌ನಂಥ ಕಂಪನಿ ಇರಲಿಲ್ಲ. 999ರ ಅಂಕಿಯನ್ನು ಬೀರುವಿನಲ್ಲಿಟ್ಟು ಕಾಯುವ ಸ್ಟುಡಿಯೋ ಇರಲಿಲ್ಲ. ಇಬ್ಬರು ನಿರ್ದೇಶಕರು, ಒಬ್ಬ ನಟ, ಅವರ ನಡುವಿನ ವಿಶ್ವಾಸ ಇಷ್ಟರ ಮೇಲೆಯೇ ಸರಣಿ ನಿಂತಿತ್ತು. ಹಾಗಾಗಿ ಪಾತ್ರವನ್ನು ಹೊರಗಿನವರು ಬಂದು ಕೆಡಿಸಲಿಲ್ಲ, ಮುಂದುವರಿಸಲೂ ಇಲ್ಲ. ಬಿ. ದೊರೆರಾಜ್ 2000ದಲ್ಲಿ, ರಾಜ್‌ಕುಮಾರ್ 2006ರಲ್ಲಿ, ಎಸ್.ಕೆ. ಭಗವಾನ್ 2023ರಲ್ಲಿ ತೀರಿಕೊಂಡರು. ಭಾರತದಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಆ ಲೆಕ್ಕದಲ್ಲಿ ‘ಜೇಡರ ಬಲೆ’ಯ ಹಕ್ಕು 2028ರ ಕೊನೆಗೆ ಮುಗಿಯುತ್ತದೆ. ಹಾಡು, ಸಂಗೀತ, ಬರವಣಿಗೆಗಳ ಲೆಕ್ಕ ಬೇರೆ. ಅವು ಬರೆದವರ ಆಯುಸ್ಸು ಮುಗಿದ ಮೇಲೂ 60 ವರ್ಷ ಉಳಿಯುತ್ತವೆ.

ಒಂದು ಕಥೆ, ಎರಡು ದಾರಿ

ಹಿಡಿತ ಯಾರ ಬಳಿ ಇದ್ದರೆ ಏನಾಗುತ್ತದೆ ಎಂದು ತಿಳಿಯಲು ಹಾಲಿವುಡ್‌ಗೆ ಹೋಗಬೇಕಿಲ್ಲ. ನಾಗವಲ್ಲಿಯ ಹಿಂದೆ ಹೋದರೆ ಸಾಕು.

1993ರಲ್ಲಿ ಮಲಯಾಳದಲ್ಲಿ ‘ಮಣಿಚಿತ್ರತಾಳ್’ ಬಂತು. ಮಧು ಮುಟ್ಟಂ ಬರೆದದ್ದು, ಫಾಝಿಲ್ ನಿರ್ದೇಶಿಸಿದ್ದು. ಪಿ. ವಾಸು ಅದನ್ನು 2004ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ತಂದರು, ನಿರ್ಮಾಪಕರು ದ್ವಾರಕೀಶ್. ಮನೋರೋಗದಿಂದ ತನ್ನನ್ನೇ ನರ್ತಕಿ ನಾಗವಲ್ಲಿಯೆಂದುಕೊಳ್ಳುವ ಗಂಗಾಳ ಪಾತ್ರದಲ್ಲಿ ಮನಸೂರೆಗೊಂಡ ಸೌಂದರ್ಯ ಚಿತ್ರ ತೆರೆಕಾಣುವ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ, ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆರು ವರ್ಷದ ಮೇಲೆ ವಾಸು ‘ಆಪ್ತರಕ್ಷಕ’ ಮಾಡಿದರು. ನಾಗವಲ್ಲಿ ಮತ್ತೆ ಬಂದಳು, ಡಾ. ವಿಜಯ್ ಆಗಿ ವಿಷ್ಣುವರ್ಧನ್ ಮತ್ತೆ ಬಂದರು. ಆದರೆ ನಿರ್ಮಾಪಕರು ಬೇರೆ. ವಿಷ್ಣುವರ್ಧನ್ ನಿಧನರಾದ ಎರಡೇ ತಿಂಗಳಿಗೆ, 2010ರ ಫೆಬ್ರುವರಿಯಲ್ಲಿ ತೆರೆಕಂಡ ಚಿತ್ರಕ್ಕೆ ಜನ ಮುಗಿಬಿದ್ದರು. ತಮಿಳಿನಲ್ಲೂ ಇದೇ ನಡೆಯಿತು. 2005ರ ‘ಚಂದ್ರಮುಖಿ’ ಶಿವಾಜಿ ಪ್ರೊಡಕ್ಷನ್ಸ್‌ನದು; 2023ರ ‘ಚಂದ್ರಮುಖಿ 2’ ಲೈಕಾ ಸಂಸ್ಥೆಯದು. ಎರಡಕ್ಕೂ ನಿರ್ದೇಶಕರು ವಾಸು. ದಕ್ಷಿಣದಲ್ಲಿ ಕಥೆಯನ್ನು ಹೆಗಲ ಮೇಲೆ ಹೊತ್ತು ಸಾಗಿದವರು ನಿರ್ದೇಶಕರು. ಸಂಸ್ಥೆಗಳು ಬಂದು ಹೋದವು.

ಹಿಂದಿಯಲ್ಲಿ ತಿರುಗುಮುರುಗು. ಇದೇ ಕಥೆಯ 2007ರ ರೂಪ ‘ಭೂಲ್ ಭುಲಯ್ಯ’ವನ್ನು ಪ್ರಿಯದರ್ಶನ್ ನಿರ್ದೇಶಿಸಿದರು, ಅಕ್ಷಯ್ ಕುಮಾರ್ ನಟಿಸಿದರು. ಹೆಸರು ಟಿ-ಸೀರೀಸ್ ಬಳಿ ಉಳಿಯಿತು. 2022ರಲ್ಲಿ ಎರಡನೆಯದು, 2024ರಲ್ಲಿ ಮೂರನೆಯದು ಬಂದಾಗ ನಿರ್ದೇಶಕ ಅನೀಸ್ ಬಜ್ಮಿ, ನಾಯಕ ಕಾರ್ತಿಕ್ ಆರ್ಯನ್. ಮೂಲದ ಮನೋರೋಗದ ಎಳೆ ಹಿಂದೆ ಸರಿದು ನಗೆ ಮತ್ತು ದೆವ್ವ ಮುಂದೆ ಬಂದವು.

ಹಾಗೆಂದು ನಿರ್ದೇಶಕರ ಕೈಯಲ್ಲಿದ್ದರೆ ಒಳ್ಳೆಯದು, ಕಂಪನಿಯ ಕೈಯಲ್ಲಿದ್ದರೆ ಕೆಟ್ಟದ್ದು ಎಂದು ತೀರ್ಪು ಕೊಡುವಂತಿಲ್ಲ. ‘ಭೂಲ್ ಭುಲಯ್ಯ 2’ ಭಾರಿ ಗಳಿಕೆ ಮಾಡಿತು. ‘ಚಂದ್ರಮುಖಿ 2’ ನೆಲಕಚ್ಚಿತು. ಬದಲಾಗುವುದು ಚಿತ್ರದ ಹಣೆಬರಹಕ್ಕಿಂತ ಹೆಚ್ಚಾಗಿ ಅದರ ಗುಣ. ನಿರ್ದೇಶಕ ಹಿಡಿದರೆ ಅದೇ ಕಥೆಯ ಬೇರೆ ಬೇರೆ ಮಗ್ಗುಲು ಕಾಣುತ್ತವೆ. ಕಂಪನಿ ಹಿಡಿದರೆ ಹೆಸರು ಉಳಿದು ಒಳಗಿನ ಸರಕು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ.

ಕಾನೂನು ಯಾರ ಕಡೆ?

1957ರ ಹಕ್ಕುಸ್ವಾಮ್ಯ ಕಾಯ್ದೆಯ ಕಣ್ಣಿಗೆ ಸಿನಿಮಾದ ಕರ್ತೃ ನಿರ್ದೇಶಕನಲ್ಲ, ನಿರ್ಮಾಪಕ. 2012ರ ತಿದ್ದುಪಡಿ ಗೀತರಚನೆಕಾರರಿಗೆ, ಸಂಗೀತ ನಿರ್ದೇಶಕರಿಗೆ ರಾಯಧನದ (ರಾಯಲ್ಟಿ) ಪಾಲು ಖಾತ್ರಿ ಮಾಡಿತು. ನಿರ್ದೇಶಕನನ್ನು ಕರ್ತೃವೆಂದು ಒಪ್ಪಲಿಲ್ಲ. ಶೀರ್ಷಿಕೆಗಂತೂ ಹಕ್ಕುಸ್ವಾಮ್ಯವೇ ಇಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಬೆಂಗಳೂರಿನ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನಿರ್ಮಾಪಕರು ಶೀರ್ಷಿಕೆ ನೋಂದಾಯಿಸುವುದು ಉದ್ಯಮದೊಳಗಿನ ಕಟ್ಟುಪಾಡು.

ನಿರ್ಮಾಪಕನೇ ಕರ್ತೃ ಎಂಬುದರ ಬಿಸಿ ಎಷ್ಟೆಂದು 2025ರ ಆಗಸ್ಟ್ 1ರಂದು ಗೊತ್ತಾಯಿತು. ಆನಂದ್ ಎಲ್. ರೈ ನಿರ್ದೇಶನದ 2013ರ ‘ರಾಂಝಣಾ’ ಚಿತ್ರದ ತಮಿಳು ರೂಪವನ್ನು ಇರೋಸ್ ಸಂಸ್ಥೆ ಮರುಬಿಡುಗಡೆ ಮಾಡಿತು. ಮೂಲದಲ್ಲಿ ಸಾಯುವ ನಾಯಕ ಈಗ ಕೃತಕ ಬುದ್ಧಿಮತ್ತೆಯ ದೆಸೆಯಿಂದ ಬದುಕಿಬಿಟ್ಟಿದ್ದ. ನಿರ್ದೇಶಕರು ಪ್ರತಿಭಟಿಸಿದರು, ತಾನು 12 ವರ್ಷದ ಹಿಂದೆ ಒಪ್ಪಿ ನಟಿಸಿದ ಚಿತ್ರ ಇದಲ್ಲವೆಂದು ನಾಯಕನಟ ಧನುಷ್ ಬರೆದರು. ಹಕ್ಕು ತನ್ನದೆಂದು ಇರೋಸ್ ಹೇಳಿತು. ಚಿತ್ರ ಬಿಡುಗಡೆಯಾಯಿತು.

ಕಲಬುರಗಿ ಜಿಲ್ಲೆಯ ಘತ್ತರಗಿಯ ಭಾಗ್ಯವಂತಿ ದೇವಿಗೆ ನಡೆದುಕೊಳ್ಳುವ ಅಫಜಲಪುರ, ಆಳಂದ, ಜೇವರ್ಗಿ ಸೀಮೆಯ ಹಿರಿಯರಿಗೆ ಈ ಜಗಳ ಹೊಸದೆನಿಸಲಿಕ್ಕಿಲ್ಲ. ಜಾತ್ರೆಯಲ್ಲಿ ಕ್ಯಾಂಪ್ ಹಾಕುವ ನಾಟಕ ಕಂಪನಿಗಳಲ್ಲಿ ಮಾಲಕರ ಮಾತೇ ನಡೆಯುತ್ತಿತ್ತು. ಜನ ಕೂಡಲಿಲ್ಲವೆಂದರೆ ನಾಟಕದ ಹೆಸರು ಬದಲು. ಹಾಸ್ಯ ಕಳೆಗಟ್ಟಿತೆಂದರೆ ಆ ದೃಶ್ಯ ಉದ್ದ. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ರಂಗದ ಮೇಲೆ ಹೆಸರು ಮಾಡಿ, 1974ರಲ್ಲಿ ಎ.ವಿ. ಶೇಷಗಿರಿರಾವ್ ನಿರ್ದೇಶನದಲ್ಲಿ ಸಿನಿಮಾ ಆಯಿತು. ಆ ಚಿತ್ರ ಎಂದರೆ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ಹಾಡಿದ್ದು ನೆನಪಾಗುವಷ್ಟು ಸಲೀಸಾಗಿ ನಾಟಕಕಾರರ ಹೆಸರು ನೆನಪಾಗುವುದಿಲ್ಲ.

ಈಗ ಕಂಪನಿಗಳ ಗಾತ್ರ ಬೆಳೆದಿದೆ. 2024ರ ಅಕ್ಟೋಬರಿನಲ್ಲಿ ಆದಾರ್ ಪೂನಾವಾಲಾ ಅವರ ಸಂಸ್ಥೆ ಕರಣ್ ಜೋಹರ್ ಅವರ ಧರ್ಮಾ ಪ್ರೊಡಕ್ಷನ್ಸ್‌ನ ಅರ್ಧ ಪಾಲನ್ನು 1,000 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದವಾಯಿತು. ಉಳಿದರ್ಧವನ್ನು ಜೋಹರ್ ಬಿಡಲಿಲ್ಲ. ಚಿತ್ರಗಳ ಮೇಲ್ವಿಚಾರಣೆಯೂ ಅವರದೇ. ಮರುತಿಂಗಳು ರಿಲಯನ್ಸ್ ಮತ್ತು ಡಿಸ್ನಿ ಕೂಡಿ ಜಿಯೋಸ್ಟಾರ್ ಆದಾಗ, ಅಲ್ಲಿಯವರೆಗೆ ಎದುರಾಳಿಗಳಾಗಿದ್ದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಒಂದೇ ಸೂರಿನಡಿ ಬಂದವು.

ಬೆಂಗಳೂರಿನ ಹೊಂಬಾಳೆ ಫಿಲಂಸ್ ಇನ್ನೊಂದು ಬಗೆಯ ಪಾಠ. ‘ಕೆ.ಜಿ.ಎಫ್’ನ ಎರಡು ಅಧ್ಯಾಯಗಳು 2018 ಮತ್ತು 2022ರಲ್ಲಿ, ‘ಕಾಂತಾರ’ 2022ರಲ್ಲಿ, ‘ಕಾಂತಾರ ಅಧ್ಯಾಯ 1’ 2025ರ ಅಕ್ಟೋಬರಿನಲ್ಲಿ ಬಂದವು. ‘ಕೆ.ಜಿ.ಎಫ್’ ಪ್ರಶಾಂತ್ ನೀಲ್ ಕಟ್ಟಿದ ಲೋಕ. ‘ಕಾಂತಾರ’ದಲ್ಲಿ ರಿಷಬ್ ಶೆಟ್ಟಿಯವರೇ ಬರೆದು, ನಿರ್ದೇಶಿಸಿ, ನಟಿಸಿದರು. ಎರಡನೆಯದರಲ್ಲಿ ಸಂಸ್ಥೆ ಬೇರೊಬ್ಬರನ್ನು ತಂದು ಕೂರಿಸುವುದು ಕಷ್ಟ, ಏಕೆಂದರೆ ಚಿತ್ರದ ಮುಖವೂ ಲೇಖನಿಯೂ ಒಂದೇ. ಮೊದಲನೆಯದರಲ್ಲಿ ಅದು ಅಸಾಧ್ಯವೇನಲ್ಲ. ಇಂಥ ಸಂಸ್ಥೆಯನ್ನು ನಾಳೆ ಯಾರಾದರೂ ಕೊಂಡರೆ ‘ಕೆ.ಜಿ.ಎಫ್’ ನಾಯಕ ರಾಕಿ ಭಾಯ್‌ನ ಭವಿಷ್ಯ ಕರಾರಿನ ಯಾವ ಸಾಲಿನಲ್ಲಿದೆ ಎಂಬುದೇ ಮುಖ್ಯವಾಗುತ್ತದೆ.

ಆ ಸಾಲುಗಳ ಬಗ್ಗೆ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಬರಹಗಾರರಿಗೆ ಕೆಲವು ಆಸರೆ ಕೊಟ್ಟಿದೆ. ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಸೀಮಿತ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದ ಪಕ್ಷದಲ್ಲಿ, ಅದು ಬಿದ್ದುಹೋಗುತ್ತದೆ. ಮುಂದಿನ ಭಾಗ ಮಾಡುವಾಗ ಮೊದಲು ತನ್ನನ್ನೇ ಕೇಳಬೇಕು, ಕೃತಕ ಬುದ್ಧಿಮತ್ತೆಯಿಂದ ದೃಶ್ಯ ತಿದ್ದುವಂತಿಲ್ಲ ಎಂಬ ಷರತ್ತುಗಳನ್ನೂ ಸೇರಿಸಲು ಅಡ್ಡಿಯಿಲ್ಲ. ಆದರೆ ‘ಎಲ್ಲ ಕಾಲಕ್ಕೂ, ಎಲ್ಲ ದೇಶಕ್ಕೂ, ಎಲ್ಲ ಮಾಧ್ಯಮಕ್ಕೂ’ ಎಂದು ಅಚ್ಚಾದ ಕಾಗದಕ್ಕೆ ಮುಂಗಡದ ಚೆಕ್ಕಿನ ಜೊತೆಯಲ್ಲೇ ಸಹಿ ಬಿದ್ದರೆ, ಅವಧಿ ಮತ್ತು ಪ್ರದೇಶದ ಆ ಆಸರೆಗಳು ಬಳಕೆಗೆ ಬರುವುದೇ ಇಲ್ಲ.