ತಿಂಗಳ ಬಿಲ್ಲನ್ನು ಓದುವ ಬಗೆ: ಕೇಬಲ್ ಮತ್ತು ಇಂಟರ್ನೆಟ್ ಖರ್ಚಿನ ಲೆಕ್ಕ



ವಿದ್ಯುತ್ ಬಿಲ್ಲು ಬಂದರೆ ಮನೆಯ ಹಿರಿಯರು ಮೀಟರ್ ನೋಡುತ್ತಾರೆ. ಹಾಲಿನವರಿಗೆ ಹಣ ಕೊಡುವಾಗ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನಗಳನ್ನು ಎಣಿಸುತ್ತಾರೆ. ಆದರೆ ಕೇಬಲ್ಲಿನವರು ಕೇಳಿದಷ್ಟು, ಇಂಟರ್ನೆಟ್ ಕಂಪನಿಯವರು ಹೇಳಿದಷ್ಟು ಮರುಮಾತಿಲ್ಲದೆ ಕೊಟ್ಟುಬಿಡುತ್ತಾರೆ. ಏಕೆ? ಈ ಎರಡು ಬಿಲ್ಲುಗಳಲ್ಲಿ ನಾವು ಕೊಳ್ಳುವ ವಸ್ತು ಕಣ್ಣಿಗೆ ಕಾಣುವುದಿಲ್ಲ. ಅದರ ಅಳತೆಯೂ ಹಿರಿಯರಿಗೆ ಅಷ್ಟಾಗಿ ಪರಿಚಯವಿಲ್ಲ.

ಬಿಲ್ಲು ಕೈಮೀರಿದಾಗ ಮನೆಯಲ್ಲಿ ಕತ್ತರಿ ಬೀಳುವುದು ಹೆಚ್ಚಾಗಿ ಇಬ್ಬರ ಮೇಲೆ. ಒಂದೋ ಅಜ್ಜಿಯ ಟಿ.ವಿ. ನಿಲ್ಲುತ್ತದೆ, ಇಲ್ಲವೇ ನಿಮ್ಮ ಓದಿಗೆ ಬೇಕಾದ ಇಂಟರ್ನೆಟ್ ನಿಲ್ಲುತ್ತದೆ. ಲೆಕ್ಕ ತಿಳಿದವರು ಮನೆಯಲ್ಲಿ ಒಬ್ಬರಿದ್ದರೆ, ಎಷ್ಟೋ ವೇಳೆ ಈ ಎರಡನ್ನೂ ಉಳಿಸಿಕೊಂಡೇ ಖರ್ಚು ಇಳಿಸಬಹುದು. ಆ ಒಬ್ಬರು ನೀವೇ ಏಕಾಗಬಾರದು?

ಕೇಬಲ್ ಬಿಲ್ಲಿನಲ್ಲಿ ಏನೇನಿದೆ?

ಹಿಂದಿನ ಅನಲಾಗ್ ಕೇಬಲ್ಲಿನಲ್ಲಿ ಒಂದೇ ತಂತಿಯಲ್ಲಿ ಎಲ್ಲ ಚಾನೆಲ್‌ಗಳೂ ಎಲ್ಲ ಮನೆಗಳಿಗೂ ಹರಿಯುತ್ತಿದ್ದವು. ಒಬ್ಬರಿಗೆ ಬೇಕಾದುದನ್ನು ಮಾತ್ರ ಕೊಡುವ ದಾರಿಯೇ ಇರಲಿಲ್ಲ. ಡಿಜಿಟಲ್ ಪದ್ಧತಿ ಬಂದ ಮೇಲೆ ಚಾನೆಲ್‌ಗಳು ಸಂಕೇತಗಳಾಗಿ, ಬೀಗ ಹಾಕಿದ ಸ್ಥಿತಿಯಲ್ಲಿ ಬರುತ್ತವೆ. ನಿಮ್ಮ ಸೆಟ್ ಟಾಪ್ ಬಾಕ್ಸ್ ನೀವು ಹಣ ಕೊಟ್ಟ ಚಾನೆಲ್‌ಗಳ ಬೀಗವನ್ನಷ್ಟೇ ತೆಗೆಯುತ್ತದೆ. ಬೆಂಗಳೂರು, ಮೈಸೂರುಗಳಿಗೆ ಈ ಬದಲಾವಣೆ ಬಂದದ್ದು 2013ರಲ್ಲಿ, ಎರಡನೆಯ ಹಂತದಲ್ಲಿ.

ಈ ತಂತ್ರಜ್ಞಾನದ ಲಾಭ ವೀಕ್ಷಕರಿಗೂ ಸಿಗಲಿ ಎಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರಲ್ಲಿ ಹೊಸ ದರ ನಿಯಮ ಮಾಡಿತು. ಅದು 2019ರಲ್ಲಿ ಜಾರಿಗೆ ಬಂದಿತು. ಅಂದಿನಿಂದ ಬಿಲ್ಲಿಗೆ ಮುಖ್ಯವಾಗಿ ಮೂರು ಭಾಗಗಳು. ಒಂದು, ಸಂಪರ್ಕಕ್ಕಾಗಿ ಕೊಡುವ ನೆಟ್‌ವರ್ಕ್ ಶುಲ್ಕ. ಎರಡು, ನಾವು ಆರಿಸಿಕೊಂಡ ಪೇ ಚಾನೆಲ್‌ಗಳ ಬೆಲೆ. ಮೂರು, ಇವೆರಡರ ಮೊತ್ತದ ಮೇಲೆ ಶೇಕಡ 18ರಷ್ಟು ಜಿ.ಎಸ್.ಟಿ. ನೆಟ್‌ವರ್ಕ್ ಶುಲ್ಕಕ್ಕೆ ಮೊದಲು ರೂ. 130ರ ಮಿತಿ ಇತ್ತು. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿಯನ್ನು ತೆಗೆದುಹಾಕಿತು. ಆದ್ದರಿಂದ ನಿಮ್ಮ ಆಪರೇಟರ್ ಈಗ ಎಷ್ಟು ಹಾಕುತ್ತಿದ್ದಾರೆಂದು ಕೇಳಿ ತಿಳಿದುಕೊಳ್ಳುವುದು ಅಗತ್ಯ.

ಬೊಕೆಯ ಒಳಗುಟ್ಟು

ಚಾನೆಲ್‌ಗಳನ್ನು ಬಿಡಿಯಾಗಿಯೂ ಕೊಳ್ಳಬಹುದು, ಬೊಕೆ ಎಂಬ ಗೊಂಚಲಾಗಿಯೂ ಕೊಳ್ಳಬಹುದು. ಗೊಂಚಲಿನಲ್ಲಿ ಒಂದೊಂದು ಚಾನೆಲ್ಲು ಅಗ್ಗವಾಗಿ ಕಾಣುತ್ತದೆ. ಆದರೆ ನೋಡದ ಚಾನೆಲ್ ಎಷ್ಟು ಅಗ್ಗವಾದರೂ ನಮಗೆ ದುಬಾರಿಯೇ.

ಒಂದು ಲೆಕ್ಕ ಮಾಡಿ ನೋಡೋಣ. ನೆಟ್‌ವರ್ಕ್ ಶುಲ್ಕ ರೂ. 130 ಎಂದಿಟ್ಟುಕೊಳ್ಳಿ. ಒಂದು ಮನೆಯವರು ರೂ. 49 ಮತ್ತು ರೂ. 60ರ ಎರಡು ಬೊಕೆ ತೆಗೆದುಕೊಂಡಿದ್ದಾರೆ. ಒಟ್ಟು ರೂ. 239, ತೆರಿಗೆ ಸೇರಿದರೆ ರೂ. 282.02. ಆದರೆ ಅವರು ನಿಜವಾಗಿ ನೋಡುವುದು ಮೂರೇ ಪೇ ಚಾನೆಲ್. ಅವುಗಳ ಬಿಡಿ ಬೆಲೆ 19, 10 ಮತ್ತು 5 ರೂಪಾಯಿ ಎನ್ನೋಣ. ಆಗ ಮೊತ್ತ ರೂ. 164, ತೆರಿಗೆ ಸೇರಿ ರೂ. 193.52. ತಿಂಗಳಿಗೆ ರೂ. 88.50 ಉಳಿಯಿತು. ವರ್ಷಕ್ಕೆ ರೂ. 1,062!

ಎಲ್ಲ ಮನೆಗೂ ಬಿಡಿಯೇ ಲಾಭವೆಂದಲ್ಲ. ಒಂದೇ ಬೊಕೆಯ ಏಳೆಂಟು ಚಾನೆಲ್ ನೋಡುವವರಿಗೆ ಬೊಕೆಯೇ ಮೇಲಾಗಬಹುದು. ಚಾನೆಲ್ ಉಚಿತವೋ ಪೇಯೋ, ಬೆಲೆ ಎಷ್ಟು ಎಂಬುದನ್ನು ಬಾಕ್ಸಿನ ಕಾರ್ಯಕ್ರಮ ಪಟ್ಟಿಯಲ್ಲೇ ನೋಡಬಹುದು. ಎರಡನ್ನೂ ಕೂಡಿ ನೋಡಿ, ಆಮೇಲೆ ನಿರ್ಧರಿಸಿ.

ತಿಂಗಳ ಬಾಡಿಗೆಯೇ ಬೇಡವೆನ್ನುವವರಿಗೆ ದೂರದರ್ಶನದ ಫ್ರೀ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ 33 ಚಾನೆಲ್‌ಗಳೊಂದಿಗೆ ಆರಂಭವಾದ ಸೇವೆ ಇದು. ಆಂಟೆನಾ ಮತ್ತು ಬಾಕ್ಸಿಗೆ ಒಮ್ಮೆ ಖರ್ಚು ಮಾಡಿದರೆ ಮುಗಿಯಿತು. ಚಂದನವೂ ಅದರಲ್ಲಿ ಬರುತ್ತದೆ. ಆದರೆ ಪೇ ಚಾನೆಲ್‌ಗಳ ಧಾರಾವಾಹಿಗಳೆಲ್ಲ ಅಲ್ಲಿ ಸಿಗುವುದಿಲ್ಲ. ಮನೆಯವರನ್ನು ಕೇಳದೆ ಬದಲಾಯಿಸಿದರೆ ಜಗಳ ತಪ್ಪಿದ್ದಲ್ಲ!

ಇಂಟರ್ನೆಟ್ಟಿನ ಅಳತೆ

ಇಂಟರ್ನೆಟ್ ಜಾಹೀರಾತಿನಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ವೇಗ, ಇನ್ನೊಂದು ಪ್ರಮಾಣ. ಇದನ್ನು ನೀರಿನ ನಲ್ಲಿಗೆ ಹೋಲಿಸಬಹುದು. ವೇಗವೆಂದರೆ ಕೊಳವೆಯ ಅಗಲ. ಪ್ರಮಾಣವೆಂದರೆ ತಿಂಗಳಿಗೆ ತುಂಬಿಕೊಂಡ ಕೊಡಗಳು.

ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳುತ್ತಾರೆ. ನಾವು ಇಳಿಸಿಕೊಳ್ಳುವ ಕಡತದ ಗಾತ್ರವನ್ನು ಮೆಗಾಬೈಟ್‌ಗಳಲ್ಲಿ ಹೇಳುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂ.ಬಿ.ಪಿ.ಎಸ್. ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಬರುತ್ತದೆ. ಅದನ್ನು ಕಂಡು ಮೋಸವಾಯಿತೆಂದು ತಿಳಿಯಬೇಕಾಗಿಲ್ಲ.

ನಿಮಗೆಷ್ಟು ವೇಗ ಬೇಕು? ಒಳ್ಳೆಯ ಗುಣಮಟ್ಟದ ಎಚ್.ಡಿ. ಚಿತ್ರಕ್ಕೆ ಸುಮಾರು 5 ಎಂ.ಬಿ.ಪಿ.ಎಸ್. ಸಾಕು. ಮನೆಯ ನಾಲ್ವರೂ ಒಂದೇ ಹೊತ್ತಿಗೆ ಬೇರೆಬೇರೆ ಚಿತ್ರ ನೋಡಿದರೂ 20 ಆಯಿತು. ಅಂಥ ಮನೆಗೆ 40ರ ಯೋಜನೆ ಧಾರಾಳ. 200ರ ಯೋಜನೆ ಆಡಂಬರ.

ಪ್ರಮಾಣದ ಲೆಕ್ಕವೂ ಸುಲಭ. ಸೆಕೆಂಡಿಗೆ 5 ಮೆಗಾಬಿಟ್ ಎಂದರೆ ಗಂಟೆಗೆ 18,000 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 2,250 ಮೆಗಾಬೈಟ್, ಅಂದರೆ ಸುಮಾರು 2.25 ಜಿ.ಬಿ. ದಿನಕ್ಕೆ 1.5 ಜಿ.ಬಿ. ಕೊಡುವ ಮೊಬೈಲ್ ಯೋಜನೆ ಇಂಥ ಚಿತ್ರಕ್ಕೆ 40 ನಿಮಿಷದಲ್ಲಿ ಖಾಲಿ! ಅದೇ ಪಾಠದ ವೀಡಿಯೊವನ್ನು ಕಡಿಮೆ ಗುಣಮಟ್ಟಕ್ಕೆ ಇಳಿಸಿಕೊಂಡು ನೋಡಿದರೆ ಹಲವು ಗಂಟೆ ಬರುತ್ತದೆ. ಕಪ್ಪುಹಲಗೆಯ ಅಕ್ಷರ ಓದಲು ಸಿನಿಮಾದ ಸ್ಪಷ್ಟತೆ ಬೇಕೇನು?

ಜಾಹೀರಾತಿನ ಬೆಲೆಗೆ ಇಲ್ಲಿಯೂ ತೆರಿಗೆ ಸೇರಿಸಿಕೊಳ್ಳುವುದನ್ನು ಮರೆಯಬೇಡಿ. ತೆರಿಗೆ ಬೇರೆ ಎಂದಿದ್ದರೆ, ರೂ. 499ರ ಯೋಜನೆ ಕೈಗೆ ಬರುವಾಗ ರೂ. 588.82 ಆಗಿರುತ್ತದೆ. ಯೋಜನೆಯ ಜೊತೆ ಮನರಂಜನೆಯ ಆ್ಯಪ್‌ಗಳನ್ನು ‘ಉಚಿತ’ವಾಗಿ ಕೊಡುವುದುಂಟು. ಅವಿಲ್ಲದ ಯೋಜನೆಯ ಬೆಲೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಉಚಿತದ ಬೆಲೆ ಎಷ್ಟೆಂದು ತಿಳಿಯುತ್ತದೆ.

ಇಂಟರ್ನೆಟ್ ನಿಧಾನವೆಂದು ದೊಡ್ಡ ಯೋಜನೆಗೆ ಹೋಗುವ ಮುನ್ನ ಒಂದು ಪ್ರಯೋಗ ಮಾಡಿ. ವೈಫೈ ರೂಟರ್ ಮೂಲೆಯಲ್ಲೋ ಉಕ್ಕಿನ ಬೀರುವಿನ ಹಿಂದೆಯೋ ಇದ್ದರೆ ರೇಡಿಯೋ ಅಲೆಗಳು ದುರ್ಬಲವಾಗುತ್ತವೆ. ಅದನ್ನು ಮನೆಯ ನಡುವೆ, ಸ್ವಲ್ಪ ಎತ್ತರದಲ್ಲಿಡಿ. ರೂಟರಿನಲ್ಲಿ ಎರಡು ತರಂಗಗಳಿದ್ದರೆ, ಹತ್ತಿರ ಕುಳಿತವರಿಗೆ 5 ಗಿಗಾಹರ್ಟ್ಸ್ ವೇಗ ಕೊಡುತ್ತದೆ. ಗೋಡೆಯಾಚೆಯ ಕೋಣೆಗೆ 2.4 ಗಿಗಾಹರ್ಟ್ಸ್ ಚೆನ್ನಾಗಿ ತಲುಪುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ನೀವು ಮಾಡಬಹುದಾದ ಕೆಲಸ

ಒಂದು ಹಾಳೆಯನ್ನು ಟಿ.ವಿ.ಯ ಪಕ್ಕದಲ್ಲಿ ತೂಗುಹಾಕಿ. ನಾಲ್ಕು ವಾರ, ಯಾರು ಯಾವ ಚಾನೆಲ್ ನೋಡಿದರೆಂದು ಗೆರೆ ಎಳೆಯುತ್ತ ಬನ್ನಿ. ಇಂಟರ್ನೆಟ್ ಬಳಕೆಯ ಪ್ರಮಾಣ ಕಂಪನಿಯ ಆ್ಯಪಿನಲ್ಲಿ ಸಿಗುತ್ತದೆ, ಅದನ್ನೂ ಬರೆದಿಡಿ. ತಿಂಗಳ ಕೊನೆಯಲ್ಲಿ ಈ ಹಾಳೆಯನ್ನು ಬಿಲ್ಲಿನ ಪಕ್ಕದಲ್ಲಿಟ್ಟು ಮನೆಯವರೆಲ್ಲ ಕೂತು ನೋಡಿ. ಗೆರೆ ಬೀಳದ ಚಾನೆಲ್‌ಗಳನ್ನು ತೆಗೆಯಲು ಆಪರೇಟರಿಗೆ ಹೇಳಿ.

ಕೊಟ್ಟ ಹಣಕ್ಕೆ ರಸೀದಿ ಕೇಳಿ ಪಡೆಯಿರಿ. ತಕರಾರಿದ್ದರೆ ಮೊದಲು ಕಂಪನಿಗೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ. ಅಲ್ಲಿ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಹಿರಿಯರು. ಹಾಸಿಗೆಯ ಉದ್ದ ಅವರಿಗೆ ಗೊತ್ತು. ಮೆಗಾಬಿಟ್ಟು, ಬೊಕೆಗಳ ಉದ್ದ ಅಳೆದು ಹೇಳುವುದು ಈಗ ನಿಮ್ಮ ಸರದಿ. ಈ ತಿಂಗಳ ಬಿಲ್ಲು ಬಂದೊಡನೆ ಕಾಗದ, ಪೆನ್ನು ಹಿಡಿದು ಕೂತುಕೊಳ್ಳಿ.